ಶಿಕ್ಷಕರು ತಮ್ಮಲ್ಲಿ ತಾವೇ ಗುರುತಿಸಬೇಕಾದ ಖಿನ್ನತೆಯ ಲಕ್ಷಣಗಳು

ತರಗತಿಯಲ್ಲಿ ಒಂದು ಮಗು ನಾಲ್ಕು ದಿನ ಮಂಕಾಗಿ ಕುಳಿತರೆ ಅದು ಶಿಕ್ಷಕರ ಕಣ್ಣಿಗೆ ಬೀಳದೆ ಇರದು. ಊಟದ ತಟ್ಟೆಯನ್ನು ಅರ್ಧಕ್ಕೆ ಬಿಟ್ಟದ್ದು, ಆಟದ ಹೊತ್ತಿನಲ್ಲಿ ಗೋಡೆಗೊರಗಿ ನಿಂತದ್ದು, ದುಂಡಾಗಿದ್ದ ಅಕ್ಷರ ಸೊಟ್ಟಗಾದದ್ದು ಎಲ್ಲವನ್ನೂ ಅವರು ಗಮನಿಸುತ್ತಾರೆ. ಮನೆಯವರನ್ನು ಕರೆಸಿ ವಿಚಾರಿಸುತ್ತಾರೆ. ಅದೇ ಶಿಕ್ಷಕರು ತಾವು ಎರಡು ತಿಂಗಳಿಂದ ಮಧ್ಯಾಹ್ನದ ಬುತ್ತಿಯನ್ನು ಅರ್ಧಕ್ಕೆ ಮುಚ್ಚಿ ಮನೆಗೆ ಒಯ್ಯುತ್ತಿರುವುದನ್ನು ಗಮನಿಸಿರುವುದಿಲ್ಲ. ಗಮನಿಸಿದ್ದರೂ ಅದಕ್ಕೊಂದು ಕಾರಣ ಸಿದ್ಧವಾಗಿರುತ್ತದೆ. ಅಂತಹ ಸಿದ್ಧ ಕಾರಣಗಳನ್ನು ದಾಟಿ ಖಿನ್ನತೆಯನ್ನು ತನ್ನಲ್ಲಿ ತಾನೇ ಗುರುತಿಸಿಕೊಳ್ಳುವ ಬಗೆಯನ್ನು ಈ ಪಾಠ ವಿವರಿಸುತ್ತದೆ. ತಾಳವಾಡಿ ಬೆಟ್ಟಸೀಮೆಯ ಕನ್ನಡ ಶಾಲೆಗಳ ಶಿಕ್ಷಕರನ್ನು ಮುಂದಿಟ್ಟುಕೊಂಡು ಇದನ್ನು ರಚಿಸಲಾಗಿದೆ. ಹೊಸೂರು ಕಡೆಯ ಕನ್ನಡ ಶಾಲೆಗಳಿಗೂ ಇದು ಬಹುಮಟ್ಟಿಗೆ ಅನ್ವಯಿಸುತ್ತದೆ.

ಮಾತಿನ ಗೊಂದಲ

‘ಖಿನ್ನತೆ’ ಪುಸ್ತಕದ ಪದ. ಮನೆಮಾತಿನಲ್ಲಿ ಬಳಕೆಯಲ್ಲಿರುವುದು ಬೇಜಾರು, ಚಿಂತೆ, ಕೊರಗು, ಜಿಗುಪ್ಸೆ. ಇವು ಒಂದೇ ಅರ್ಥದ ಪದಗಳಲ್ಲ. ಬೇಜಾರಿಗೆ ಒಂದು ವಿಷಯ ಬೇಕು: ಬಸ್ಸು ತಪ್ಪಿತು, ವರ್ಗಾವಣೆ ಸಿಗಲಿಲ್ಲ. ವಿಷಯ ಸರಿದರೆ ಬೇಜಾರೂ ಸರಿಯುತ್ತದೆ. ಚಿಂತೆ ಮುಂದೆ ಬರುವುದರ ಕುರಿತದ್ದು. ಕೊರಗು ಕಳೆದುಕೊಂಡದ್ದರ ಕುರಿತದ್ದು; ತಾಯಿಯನ್ನು ಕಳೆದುಕೊಂಡವರು ಅಳುತ್ತಾರೆ, ಆದರೆ ಅಳುವಿನ ನಡುವೆಯೂ ಮೊಮ್ಮಗುವಿನ ತೊದಲುಮಾತಿಗೆ ಒಮ್ಮೆ ನಗುತ್ತಾರೆ. ಖಿನ್ನತೆಯಲ್ಲಿ ಆ ನಗು ಬರುವುದಿಲ್ಲ. ಅದು ಒಂದು ವಿಷಯಕ್ಕೆ ಅಂಟಿಕೊಳ್ಳದೆ ಎಲ್ಲ ವಿಷಯಗಳ ಮೇಲೂ ಹರಡುತ್ತದೆ. ಕಾರಣ ಸರಿದ ಮೇಲೂ ಉಳಿಯುತ್ತದೆ. ಹಳ್ಳಿಯ ಹಿರಿಯರು ಹೇಳುವ ‘ಮಂಕು ಬಡಿದ ಹಾಗಿದ್ದಾನೆ’ ಎಂಬ ಮಾತು ಇದಕ್ಕೆ ಹೆಚ್ಚು ಹತ್ತಿರವಾದದ್ದು. ಇತ್ತೀಚೆಗೆ ಎಲ್ಲರ ಬಾಯಲ್ಲೂ ಇರುವ ‘ಟೆನ್ಷನ್’ ಎಂಬ ಪದವಾದರೋ ಇನ್ಸ್‌ಪೆಕ್ಷನ್ನಿಗೂ ಸಾಲದ ಕಂತಿಗೂ ಕಾಯಿಲೆಗೂ ಒಂದೇ ಆಗಿಬಿಟ್ಟಿದೆ. ಭಾಷೆ ಕಲಿಸುವವರೇ ಈ ಪದದ ಹಿಂದೆ ಅಡಗಿಕೊಳ್ಳುವುದು ಸರಿಯಲ್ಲ. ‘ಟೆನ್ಷನ್’ ಎಂದ ಕೂಡಲೇ ಮುಂದಿನ ಪ್ರಶ್ನೆಗೆ ದಾರಿ ಮುಚ್ಚಿಹೋಗುತ್ತದೆ.

ಸಿದ್ಧವಾಗಿರುವ ಕಾರಣಗಳು

ತಾಳವಾಡಿ ಮೊದಲು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದೇ ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿದು, 1979ರಲ್ಲಿ ಹೊಸದಾಗಿ ರಚನೆಯಾದ ಈರೋಡು ಜಿಲ್ಲೆಗೆ ಸೇರಿತು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ತಮಿಳುನಾಡು ತಮಿಳು ಕಲಿಕಾ ಅಧಿನಿಯಮ ಬಂದದ್ದು 2006ರಲ್ಲಿ. ಅಂದಿನಿಂದ ಕನ್ನಡ ಮಾಧ್ಯಮದ ಶಿಕ್ಷಕರ ಮುಂದೆ ಮಕ್ಕಳ ಪರೀಕ್ಷೆಯ ಪ್ರಶ್ನೆ, ಶಾಲೆಯ ದಾಖಲಾತಿಯ ಪ್ರಶ್ನೆ, ತಮ್ಮ ಹುದ್ದೆಯ ಪ್ರಶ್ನೆ ಒಟ್ಟಾಗಿ ನಿಂತಿವೆ. ಇದರ ಜೊತೆಗೆ ದಾರಿ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ದಾಟಬೇಕು. ಸುತ್ತಲಿನ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಘಟ್ಟದಲ್ಲಿ ರಾತ್ರಿಯ ವಾಹನಸಂಚಾರಕ್ಕೆ 2022ರಿಂದ ನಿರ್ಬಂಧವಿದೆ. ಕತ್ತಲಾದ ಮೇಲೆ ಆನೆಯ ಭಯದಿಂದ ಯಾರೂ ಹೊರಗೆ ಅಡ್ಡಾಡುವುದಿಲ್ಲ. ಹೊರಗಿನಿಂದ ಬಂದು ಬಾಡಿಗೆಮನೆಯಲ್ಲಿರುವ ಶಿಕ್ಷಕರಿಗೆ ಸಂಜೆ ಆರರ ನಂತರದ ಹೊತ್ತು ಬಹಳ ಉದ್ದವಾಗಿರುತ್ತದೆ.

ಈ ಕಷ್ಟಗಳೆಲ್ಲ ನಿಜ. ತೊಡಕು ಬರುವುದೂ ಅಲ್ಲಿಯೇ. ನಿದ್ದೆ ಬಾರದಿದ್ದರೆ ಅದು ಕಾಡಿನ ಭಯ. ಮೈ ಭಾರವಾದರೆ ಘಟ್ಟದ ಪ್ರಯಾಣ. ಪಾಠದಲ್ಲಿ ಮನಸ್ಸು ನಿಲ್ಲದಿದ್ದರೆ ಮಕ್ಕಳಿಲ್ಲದ ಶಾಲೆ. ಅಳು ಬಂದರೆ ಊರಿನ ನೆನಪು. ಪ್ರತಿಯೊಂದಕ್ಕೂ ಬೇರೆ ಬೇರೆ ವಿವರಣೆ ಸಿಗುವುದರಿಂದ ಎಲ್ಲವೂ ಸೇರಿ ಒಂದೇ ಕಾಯಿಲೆಯ ಲಕ್ಷಣಗಳಾಗಿರಬಹುದು ಎಂಬುದು ಹೊಳೆಯುವುದೇ ಇಲ್ಲ. ಕಾರಣ ನ್ಯಾಯವಾದದ್ದು ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಾಗುವುದಿಲ್ಲ. ಮಳೆಯಲ್ಲಿ ನೆನೆದದ್ದು ನಿಜ, ನ್ಯುಮೋನಿಯಾ ಆಗಿರುವುದೂ ನಿಜ ಎಂಬಂತೆ ಎರಡೂ ಒಟ್ಟಿಗೆ ಇರಬಹುದು.

ಕಾರಣವೇ ಇಲ್ಲದವರಿಗೂ ಖಿನ್ನತೆ ಬರುತ್ತದೆ ಎಂಬುದಕ್ಕೆ ಎಲ್ಲರೂ ಬಲ್ಲ ನಿದರ್ಶನ ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ಅವರದು. 2013ರಲ್ಲಿ ಅವರ ಚಿತ್ರಗಳು ಒಂದರ ಮೇಲೊಂದು ಯಶಸ್ಸು ಕಂಡಿದ್ದವು. 2014ರ ಆರಂಭದಲ್ಲಿ ಅವರಿಗೆ ಹೊಟ್ಟೆಯೊಳಗೆ ಏನೋ ಬರಿದಾದಂತೆ ಅನ್ನಿಸತೊಡಗಿತು. ಅದನ್ನು ಅವರು ಒತ್ತಡವೆಂದೇ ಭಾವಿಸಿ ಕೆಲಸದಲ್ಲಿ ಮುಳುಗಿ ಮರೆಯಲು ನೋಡಿದರು. ಮಗಳ ಅಳು ಸಾಮಾನ್ಯದ್ದಲ್ಲವೆಂದು ಗುರುತಿಸಿ ವೈದ್ಯರ ನೆರವಿನ ಕಡೆ ಕರೆದೊಯ್ದವರು ತಾಯಿ. 2015ರಲ್ಲಿ ಅವರು ಇದನ್ನು ಬಹಿರಂಗವಾಗಿ ಹೇಳಿಕೊಂಡರು. ತಾಯಿಯ ಕಣ್ಣು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಬಾಡಿಗೆಮನೆಯಲ್ಲಿ ಒಬ್ಬರೇ ಇರುವವರು ಆ ಕೆಲಸವನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್ ಸಂಸ್ಥೆ ತಮಿಳುನಾಡೂ ಸೇರಿದಂತೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆದಿರುವುದಿಲ್ಲ.

ಎರಡು ವಾರ, ಒಂಬತ್ತು ಪ್ರಶ್ನೆ

ವೈದ್ಯರು ಖಿನ್ನತೆಯನ್ನು ನಿರ್ಧರಿಸುವಾಗ ಕನಿಷ್ಠ ಎರಡು ವಾರಗಳ ಅವಧಿಯನ್ನು ನೋಡುತ್ತಾರೆ. ಒಂದು ಕೆಟ್ಟ ದಿನ ಲೆಕ್ಕಕ್ಕೆ ಬಾರದು. ಹೆಚ್ಚುಕಡಿಮೆ ಪ್ರತಿದಿನ, ದಿನದ ಹೆಚ್ಚು ಹೊತ್ತು ಲಕ್ಷಣಗಳು ಇರಬೇಕು. ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು. ಆ ಐದರಲ್ಲಿ ಒಂದು ಮನಸ್ಸಿನ ಕುಗ್ಗುವಿಕೆ ಇಲ್ಲವೆ ಆಸಕ್ತಿಯ ನಾಶ ಆಗಿರಲೇಬೇಕು. ‘ಇಲ್ಲವೆ’ ಎಂಬ ಪದದ ಕಡೆ ಗಮನವಿರಲಿ. ಅಳದವರಿಗೂ, ತನಗೆ ದುಃಖವಿಲ್ಲ ಎನ್ನುವವರಿಗೂ ಖಿನ್ನತೆ ಇರಬಹುದು. ಅವರಲ್ಲಿ ದುಃಖದ ಬದಲು ಏನೂ ಅನ್ನಿಸದಿರುವಿಕೆ ಇರುತ್ತದೆ.

ಆಸಕ್ತಿ ಹೋದದ್ದನ್ನು ಕಂಡುಹಿಡಿಯುವುದು ಕಷ್ಟ, ಏಕೆಂದರೆ ಕೆಲಸ ನಿಂತಿರುವುದಿಲ್ಲ. ಪಾಠಕ್ಕಾಗಿ ಕಲ್ಪಿಸಿಕೊಂಡ ಒಬ್ಬ ಶಿಕ್ಷಕಿಯ ಉದಾಹರಣೆಯನ್ನು ನೋಡಬಹುದು. ಇಬ್ಬರೇ ಶಿಕ್ಷಕರಿರುವ ಶಾಲೆ. ಒಂದರಿಂದ ಮೂರರವರೆಗಿನ ಮಕ್ಕಳೆಲ್ಲ ಇವರ ಕೊಠಡಿಯಲ್ಲಿ. ಹಿಂದೆ ಪದ್ಯವನ್ನು ರಾಗವಾಗಿ ಹಾಡಿಸುತ್ತಿದ್ದವರು ಈಗ ಓದಿಸಿ ಅರ್ಥ ಬರೆಸುತ್ತಾರೆ. ಪಾಠ ಮುಗಿಯುತ್ತದೆ, ದಿನಚರಿ ತುಂಬುತ್ತದೆ, ತಪಾಸಣೆಗೆ ಬಂದವರಿಗೆ ಯಾವ ದೋಷವೂ ಕಾಣುವುದಿಲ್ಲ. ಒಂದು ದಿನ ಮೂರನೆಯ ತರಗತಿಯ ಹುಡುಗಿ, “ಟೀಚರ್, ನೀವು ಈಗ ಹಾಡೇ ಹೇಳ್ಕೊಡಲ್ವಲ್ಲ?” ಎನ್ನುತ್ತಾಳೆ. “ಗಂಟಲು ಸರಿಯಿಲ್ಲಮ್ಮ” ಎಂದು ಶಿಕ್ಷಕಿ ಉತ್ತರಿಸುತ್ತಾರೆ. ಗಂಟಲು ಸರಿಯಾಗಿಯೇ ಇದೆ. ಆ ಸುಳ್ಳನ್ನು ಅವರು ಬೇಕೆಂದು ಹೇಳಿದ್ದಲ್ಲ. ಅವರಿಗೂ ಬೇರೆ ಕಾರಣ ತಿಳಿದಿಲ್ಲ. ತನ್ನನ್ನು ಇತರ ಶಿಕ್ಷಕರೊಡನೆ ಹೋಲಿಸಿಕೊಂಡರೆ ಅವರಿಗೆ ವ್ಯತ್ಯಾಸ ಕಾಣದು. ಹಾಡಿಸದೆ ಪಾಠ ಮಾಡುವವರು ಎಷ್ಟೋ ಮಂದಿ ಇದ್ದಾರೆ. ಹೋಲಿಸಬೇಕಾದದ್ದು ಕಳೆದ ವರ್ಷದ ತನ್ನೊಡನೆ.

ಉಳಿದ ಏಳು ಲಕ್ಷಣಗಳಲ್ಲಿ ನಿದ್ದೆ, ಹಸಿವು, ಶಕ್ತಿ ಈ ಮೂರು ದೇಹಕ್ಕೆ ಸೇರಿದವು. ಮಲಗಿದ ಕೂಡಲೇ ನಿದ್ದೆ ಬಂದು ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಬೆಳಗಿನ ಹೊತ್ತೇ ಹೆಚ್ಚು ಭಾರವಾಗಿದ್ದು ಸಂಜೆಗೆ ತುಸು ಹಗುರವೆನಿಸುವುದು ಖಿನ್ನತೆಯಲ್ಲಿ ಹಲವರಿಗೆ ಆಗುತ್ತದೆ. ಕೆಲವರು ಇದಕ್ಕೆ ವಿರುದ್ಧವಾಗಿ ರಜಾದಿನವೆಲ್ಲ ಮಲಗಿಯೇ ಇರುತ್ತಾರೆ. ಹಸಿವೂ ಹಾಗೆಯೇ, ಕುಗ್ಗಬಹುದು ಅಥವಾ ಮಿತಿಮೀರಬಹುದು. ತಲೆಭಾರ, ಎದೆಯುರಿ, ಬೆನ್ನುನೋವು ಎಂದು ಮಾತ್ರೆಯಂಗಡಿಗೆ ಅಲೆದು ಗ್ಯಾಸ್ಟ್ರಿಕ್ಕಿನ ಮಾತ್ರೆ ನುಂಗುತ್ತಾ ವರ್ಷ ಕಳೆಯುವವರಿದ್ದಾರೆ. ಕನ್ನಡ ನಾಡಿನಲ್ಲಿ ಮನಸ್ಸಿನ ನೋವು ದೇಹದ ಮಾತಿನಲ್ಲಿಯೇ ಹೆಚ್ಚಾಗಿ ಹೊರಬರುತ್ತದೆ. ಅದರಲ್ಲಿ ಸುಳ್ಳೇನಿಲ್ಲ, ನೋವು ನಿಜವಾಗಿಯೂ ಇರುತ್ತದೆ.

ಮುಂದಿನವು ಆಲೋಚನೆಗೆ ಸಂಬಂಧಿಸಿದವು. ಒಂದು ಪುಟವನ್ನು ಮೂರು ಸಲ ಓದಿದರೂ ತಲೆಗೆ ಹತ್ತದಿರುವುದು. ವರ್ಷಗಳಿಂದ ಹೆಸರು ಹಿಡಿದು ಕರೆಯುತ್ತಿದ್ದ ಮಗುವಿನ ಹೆಸರು ಹೊಳೆಯದಿರುವುದು. ಇಂದು ಯಾವ ಪಾಠ ಎಂಬಷ್ಟನ್ನು ತೀರ್ಮಾನಿಸಲೂ ಆಗದಿರುವುದು. ಮಾತು, ನಡಿಗೆ ನಿಧಾನವಾಗುವುದು ಅಥವಾ ಕುಳಿತಲ್ಲಿ ಕೂರಲಾಗದ ಚಡಪಡಿಕೆ. ಆಮೇಲೆ ಅಪರಾಧಭಾವ. ಶಿಕ್ಷಕರನ್ನು ಇದು ಬೇರೆಯವರಿಗಿಂತ ಸುಲಭವಾಗಿ ಹಿಡಿಯುತ್ತದೆ, ಏಕೆಂದರೆ ಅವರ ಕಣ್ಣ ಮುಂದೆ ಮಕ್ಕಳಿದ್ದಾರೆ. ‘ನನ್ನಿಂದಲೇ ಈ ಮಕ್ಕಳು ತಮಿಳಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ’, ‘ಸಂಬಳಕ್ಕೆ ದ್ರೋಹ ಮಾಡುತ್ತಿದ್ದೇನೆ’, ‘ದಾಖಲಾತಿ ಕುಸಿಯಲು ನಾನೇ ಕಾರಣ’ ಎಂಬ ಮಾತುಗಳು ಒಳಗೆ ಸುತ್ತುತ್ತಿರುತ್ತವೆ. ಇದು ಆತ್ಮವಿಮರ್ಶೆಯಂತೆ ತೋರುತ್ತದೆ, ಆದರೆ ಅಲ್ಲ. ಆತ್ಮವಿಮರ್ಶೆಯ ಕೊನೆಯಲ್ಲಿ ನಾಳೆ ಮಾಡಬೇಕಾದ ಒಂದು ಕೆಲಸ ಹೊರಡುತ್ತದೆ. ಇದರ ಕೊನೆಯಲ್ಲಿ ತೀರ್ಪು ಮಾತ್ರ ಇರುತ್ತದೆ. ಒಂದು ಭಾಷೆಯ ಅಳಿವು ಉಳಿವು ಒಬ್ಬ ಶಿಕ್ಷಕರ ದೋಷವಾಗಲಾರದೆಂಬುದು ಆರೋಗ್ಯವಂತ ಮನಸ್ಸಿಗೆ ತಿಳಿಯುತ್ತದೆ. ಖಿನ್ನ ಮನಸ್ಸಿಗೆ ತಿಳಿದರೂ ಒಪ್ಪಿಗೆಯಾಗುವುದಿಲ್ಲ.

ಪುರುಷ ಶಿಕ್ಷಕರಲ್ಲಿ ಅನೇಕ ವೇಳೆ ಮೊದಲು ಕಾಣುವುದು ಸಿಟ್ಟು. ಎಂದೂ ಕೋಲು ಮುಟ್ಟದ ಮೇಷ್ಟ್ರು ಸಣ್ಣ ತಪ್ಪಿಗೆ ಕಿರುಚತೊಡಗುತ್ತಾರೆ. ಸಂಜೆಯ ಕುಡಿತ ವಾರಕ್ಕೊಂದು ದಿನದಿಂದ ನಾಲ್ಕು ದಿನಕ್ಕೆ ಏರುತ್ತದೆ. ಮದ್ಯ ನಿದ್ದೆ ತರಿಸುವಂತೆ ತೋರಿ ನಿದ್ದೆಯನ್ನು ಕೆಡಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ.

ಒಂಬತ್ತನೆಯದು ಸಾವಿನ ಆಲೋಚನೆ. ಅದನ್ನು ಮುಂದೆ ಪ್ರತ್ಯೇಕವಾಗಿ ಹೇಳಲಾಗಿದೆ.

ಈ ಒಂಬತ್ತನ್ನೇ ಪ್ರಶ್ನೆಗಳಾಗಿ ಕೇಳುವ ಒಂದು ಪಟ್ಟಿ 2001ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದಕ್ಕೆ ಪಿಎಚ್‌ಕ್ಯೂ–9 ಎಂದು ಹೆಸರು. ಕಳೆದ ಎರಡು ವಾರಗಳಲ್ಲಿ ಈ ತೊಂದರೆ ಇರಲೇ ಇಲ್ಲ ಎಂದರೆ 0, ಕೆಲವು ದಿನ ಇತ್ತು ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ಪ್ರತಿದಿನ 3 ಎಂದು ಅಂಕ ಹಾಕಿ ಕೂಡಿದರೆ ಮೊತ್ತ 0ಯಿಂದ 27ರೊಳಗೆ ಬರುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಇದು ಪರೀಕ್ಷೆಯ ಅಂಕವಲ್ಲ, ರೋಗನಿರ್ಣಯವೂ ಅಲ್ಲ. ಥರ್ಮಾಮೀಟರಿನಂತೆ ಒಂದು ಸೂಚನೆ. ಅಂಕ ಹಾಕುವುದರಲ್ಲಿ ಪಳಗಿದ ಶಿಕ್ಷಕರು ತಮ್ಮ ವಿಷಯದಲ್ಲಿ ಮಾತ್ರ ಉದಾರವಾಗಿ ಸೊನ್ನೆ ಹಾಕಿಕೊಳ್ಳುವುದುಂಟು ಎಂಬುದನ್ನೂ ಇಲ್ಲಿ ಹೇಳಬೇಕು.

ಶಿಕ್ಷಕರ ಬಳಿಯೇ ಇರುವ ದಾಖಲೆ

ಖಿನ್ನತೆ ನೆನಪನ್ನೂ ಬಣ್ಣಗೆಡಿಸುತ್ತದೆ. ‘ಯಾವಾಗಿನಿಂದ ಹೀಗಿದೆ?’ ಎಂದು ವೈದ್ಯರು ಕೇಳಿದರೆ ‘ನಾನು ಮೊದಲಿನಿಂದಲೂ ಹೀಗೆಯೇ’ ಎಂಬ ಉತ್ತರ ಬರುತ್ತದೆ. ಅದು ನಿಜವಲ್ಲವೆಂದು ತೋರಿಸುವ ಕಾಗದಗಳು ಶಿಕ್ಷಕರ ಮೇಜಿನಲ್ಲಿಯೇ ಇವೆ. ಪಾಠಟಿಪ್ಪಣಿಯ ಪುಸ್ತಕವನ್ನು ಜೂನ್ ತಿಂಗಳಿನಿಂದ ತಿರುವಿ ನೋಡಬೇಕು. ಅರ್ಧ ಪುಟವಿದ್ದ ಚಟುವಟಿಕೆಗಳು ಯಾವ ವಾರದಿಂದ ಎರಡು ಸಾಲಾದವು? ಯಾವ ತಿಂಗಳಿನಿಂದ ಹಿಂದಿನ ವರ್ಷದ್ದನ್ನೇ ನಕಲು ಮಾಡಲಾಗಿದೆ? ಪ್ರಬಂಧದ ಪುಸ್ತಕಗಳಲ್ಲಿ ತಪ್ಪನ್ನು ತಿದ್ದಿ ಪಕ್ಕದಲ್ಲಿ ಎರಡು ಮಾತು ಬರೆಯುತ್ತಿದ್ದ ಕೆಂಪು ಶಾಯಿ ಎಂದಿನಿಂದ ಬರಿಯ ಗೀಟು ಮತ್ತು ಸಹಿಯಾಯಿತು? ಸಾಂದರ್ಭಿಕ ರಜೆಗಳು ಸೋಮವಾರಗಳ ಮೇಲೆಯೇ ಬಿದ್ದಿವೆಯೇ? ಫೋನಿನಲ್ಲಿ ತಂಗಿಯ, ಗೆಳತಿಯ ಕರೆಗಳು ಎತ್ತದೆ ಉಳಿದದ್ದು ಎಷ್ಟು?

ಇವುಗಳಲ್ಲಿ ಯಾವುದೂ ಒಂಟಿಯಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಆದರೆ ಎಲ್ಲವೂ ಒಂದೇ ತಿಂಗಳನ್ನು ತೋರಿಸುತ್ತಿದ್ದರೆ ಅದು ಸೋಮಾರಿತನವಾಗಿರಲಾರದು. ಸೋಮಾರಿಯು ಕೆಲಸ ಬಿಟ್ಟ ಹೊತ್ತಿನಲ್ಲಿ ತನಗೆ ಇಷ್ಟವಾದದ್ದನ್ನು ಮಾಡುತ್ತಾನೆ. ಖಿನ್ನತೆಯಿರುವವರಿಗೆ ಇಷ್ಟವಾದದ್ದೂ ಉಳಿದಿರುವುದಿಲ್ಲ.

ಸಾವಿನ ಆಲೋಚನೆ ಬಂದಾಗ

ಇದು ಸಣ್ಣದಾಗಿ ಆರಂಭವಾಗಬಹುದು: ‘ಬೆಳಿಗ್ಗೆ ಏಳದಿದ್ದರೆ ಒಳ್ಳೆಯದಿತ್ತು’, ‘ನಾನಿಲ್ಲದಿದ್ದರೆ ಮನೆಯವರಿಗೆ ಹಗುರ’. ಇಂತಹ ಆಲೋಚನೆ ಖಿನ್ನತೆಯ ಲಕ್ಷಣ. ಅದು ಪಾಪವಲ್ಲ, ಹೇಡಿತನವೂ ಅಲ್ಲ. ಜ್ವರದಲ್ಲಿ ನಡುಕ ಬರುವಂತೆ ಕಾಯಿಲೆಯ ಜೊತೆ ಬಂದದ್ದು. ಆದರೆ ಇದು ಬಂದ ಮೇಲೆ ಅಂಕ ಕೂಡುತ್ತ ಕೂರಬಾರದು, ಎರಡು ವಾರ ಕಾಯಲೂ ಬಾರದು. ಅದೇ ದಿನ ಒಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ರಾತ್ರಿ ಒಬ್ಬರೇ ಇರಬಾರದು. ಹೊಲಕ್ಕೆ ತಂದ ಔಷಧಿ ಮನೆಯಲ್ಲಿದ್ದರೆ ಅದನ್ನು ನೆರೆಯವರ ವಶಕ್ಕೆ ಕೊಟ್ಟು ಬೀಗದಲ್ಲಿ ಇಡಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯಲ್ಲಿ ಕನ್ನಡ, ತಮಿಳು ಎರಡರಲ್ಲೂ ಮಾತನಾಡಬಹುದು. ಪ್ರಾಣಕ್ಕೆ ಅಪಾಯವಿದೆಯೆನಿಸಿದರೆ 108.

ಕೇಸಾಗುತ್ತದೆ, ಕೆಲಸ ಹೋಗುತ್ತದೆ ಎಂಬ ಭಯದಿಂದ ಶಿಕ್ಷಕರು ಇದನ್ನು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮದ 115ನೆಯ ಕಲಮಿನಂತೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು; ಶಿಕ್ಷೆಗೆ ಗುರಿಪಡಿಸಬಾರದು. ಅದೇ ಅಧಿನಿಯಮ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನೂ ಕೊಟ್ಟಿದೆ. ವೈದ್ಯರು ಅದನ್ನು ಮುಖ್ಯೋಪಾಧ್ಯಾಯರಿಗಾಗಲಿ ಕಚೇರಿಗಾಗಲಿ ಮನಬಂದಂತೆ ತಿಳಿಸುವಂತಿಲ್ಲ.

ವೈದ್ಯರ ಬಳಿ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಸೂಕ್ತ. ಥೈರಾಯ್ಡ್ ಗ್ರಂಥಿಯ ಕೊರತೆ, ರಕ್ತಹೀನತೆ, ಬಿ–12 ಕೊರತೆ ಇವೂ ಖಿನ್ನತೆಯಂತೆಯೇ ಕಾಣಿಸಿಕೊಳ್ಳುವುದರಿಂದ ರಕ್ತಪರೀಕ್ಷೆ ಬೇಕಾಗುತ್ತದೆ. ಹೆರಿಗೆಯಾಗಿ ವರ್ಷ ತುಂಬದವರು ಅದನ್ನು ತಪ್ಪದೆ ಹೇಳಬೇಕು. ಹಿಂದೆ ಎಂದಾದರೂ ನಿದ್ದೆಯೇ ಬೇಡವಾಗಿ ಅತಿ ಉತ್ಸಾಹ, ಅತಿ ಮಾತು, ಕೈಮೀರಿದ ಖರ್ಚು ವಾರಗಟ್ಟಲೆ ಇದ್ದರೆ ಅದನ್ನೂ ಹೇಳಬೇಕು. ಆಗ ಔಷಧಿಯೇ ಬೇರೆ. ಮನೋವೈದ್ಯರು ಬೇಕೆಂದಾದರೆ ಪೆರುಂದುರೈಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಗಡಿಯಾಚೆಯ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ ತಾಳವಾಡಿಗೆ ಇದಕ್ಕಿಂತ ಹತ್ತಿರ. ಘಟ್ಟ ಇಳಿಯುವ ತೊಂದರೆಯೂ ಇಲ್ಲ. ಮಾದಪ್ಪನಿಗೆ ಹರಕೆ ಹೊತ್ತವರು ಹರಕೆ ತೀರಿಸಿ ಬರಲಿ, ಅದಕ್ಕೂ ಮಾತ್ರೆಗೂ ವಿರೋಧವಿಲ್ಲ.

ಖಿನ್ನತೆಯ ಮಾತ್ರೆಗಳು ಮೊದಲ ದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ಆರು ವಾರ ಬೇಕು. ಎಂಟು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಡುವುದು, ಎರಡು ತಿಂಗಳಿಗೆ ಗುಣವಾಯಿತೆಂದು ಬಿಡುವುದು ಎರಡೂ ತಪ್ಪು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ನಿಲ್ಲಿಸಬೇಕು. ಇವು ಚಟ ಹಿಡಿಸುವ ನಿದ್ದೆಮಾತ್ರೆಗಳಲ್ಲ. ಸೌಮ್ಯ ರೂಪದ ಖಿನ್ನತೆಗೆ ಮಾತ್ರೆಯಿಲ್ಲದೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಈ ವಿಷಯವನ್ನು ಕನ್ನಡದಲ್ಲಿಯೇ ಓದಬಯಸುವವರಿಗೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳಿವೆ, ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

ಭಾಷೆಯ ತೊಡಕು ಒಂದು ಉಳಿಯುತ್ತದೆ. ಸಂತೆಯಲ್ಲಿ, ಕಚೇರಿಯಲ್ಲಿ ಸರಾಗವಾಗಿ ತಮಿಳಾಡುವವರಿಗೂ ಒಳಗಿನ ನೋವನ್ನು ಹೇಳುವಾಗ ಪದ ಸಿಗುವುದಿಲ್ಲ. ತಮಿಳು ಮಾತ್ರ ಬಲ್ಲ ವೈದ್ಯರ ಬಳಿ ಹೋಗುವಾಗ ಮೊದಲೇ ಒಂದು ಚೀಟಿ ಬರೆದುಕೊಳ್ಳುವುದು ಒಳ್ಳೆಯದು. ಎಲ್ಲರೂ ಬಳಸುವ ‘ಮನ ಅಳುತ್ತಂ’ ಎಂಬ ಪದ ಒತ್ತಡಕ್ಕೂ ಖಿನ್ನತೆಗೂ ಒಂದೇ ಆಗಿ, ನಮ್ಮ ‘ಟೆನ್ಷನ್’ನಂತೆ ಮಸುಕಾಗಿದೆ, ಖಿನ್ನತೆಗೆ ಸರಿಯಾದ ಪದ ‘ಮನಚ್ಚೋರ್ವು’. ನಿದ್ದೆ ಇಲ್ಲ ಎನ್ನುವುದಕ್ಕೆ ‘ತೂಕ್ಕಂ ಇಲ್ಲೈ’, ಹಸಿವು ಇಲ್ಲ ಎನ್ನುವುದಕ್ಕೆ ‘ಪಸಿ ಇಲ್ಲೈ’ (ಪಕಾರ ಹಕಾರವಾದ ಕತೆಯನ್ನು ಕನ್ನಡ ಶಿಕ್ಷಕರಿಗೆ ಹೇಳಬೇಕಾಗಿಲ್ಲ), ಯಾವುದರಲ್ಲೂ ಆಸಕ್ತಿ ಇಲ್ಲ ಎನ್ನುವುದಕ್ಕೆ ‘ಎದಿಲುಂ ಆರ್ವಂ ಇಲ್ಲೈ’, ಆಯಾಸಕ್ಕೆ ‘ಸೋರ್ವು’, ಸಾಯುವ ಆಲೋಚನೆ ಇದ್ದರೆ ‘ತರ್ಕೊಲೈ ಎಣ್ಣಂ’. ಈ ಕೊನೆಯದನ್ನು ಹೇಳಲು ನಾಲಿಗೆ ಏಳದಿದ್ದರೆ ಚೀಟಿಯನ್ನೇ ವೈದ್ಯರ ಕೈಗೆ ಕೊಡಬಹುದು. ಚೀಟಿಯ ತಲೆಯಲ್ಲಿ ತೊಂದರೆ ಆರಂಭವಾದ ತಿಂಗಳನ್ನು ಬರೆದಿರಬೇಕು. ಅದು ಪಾಠಟಿಪ್ಪಣಿಯ ಪುಸ್ತಕದಲ್ಲಿ ಸಿಗುತ್ತದೆ.